ಚಾಪೆಗೊಂದು ಮನೆ

ಭಾನುವಾರದೊಳಗೆ ನಾಯಿಗೊಂದು ಮನೆ ಸಿಗದಿದ್ದರೆ ಅದನ್ನು ಬಂದರಿನಲ್ಲಿ ಬಿಟ್ಟುಬರುವುದೆಂದು ದೇವು ಹೇಳಿಯಾಗಿತ್ತು. ಹೇಳಿದವನು ಗಂಗೆಯ ಅಣ್ಣನಾದರೂ ಮಾತು ಮನೆಯ ಯಜಮಾನ ನಾಗಭೂಷಣರದು. ಹೊನ್ನಾವರದಲ್ಲಿ ಅವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಅಣ್ಣ ತಂಗಿ ಬಾಡಿಗೆಗಿದ್ದರು. ನಾಗಭೂಷಣರಿಗೆ ನಾಯಿಯ ಮೇಲೆ ದ್ವೇಷವೇನೂ ಇರಲಿಲ್ಲ. ಬೊಗಳುವ ನಾಯಿಯಾಗಿದ್ದರೆ ಕಳ್ಳರ ಭಯಕ್ಕಾದರೂ ಆಗುತ್ತಿತ್ತು. ಇದು ತಮ್ಮನ್ನು ಕಂಡರೇ ಬಚ್ಚಲ ಮೋರಿಗೆ ನುಗ್ಗುತ್ತದೆ, ನೋಡಿದ ಜನ ತಾವು ದಿನಾ ಅದಕ್ಕೆ ಹೊಡೆಯುತ್ತೇವೆಂದು ತಿಳಿಯುತ್ತಾರೆ ಎಂಬುದು ಅವರ ಸಂಕಟ.

ಗಂಗೆಗೆ ಬಂದರಿನ ನಾಯಿಗಳು ಗೊತ್ತಿದ್ದವು. ಒಂದು ಮೀನಿನ ತಲೆಗೆ ಒಂದರ ಕಿವಿಯನ್ನು ಇನ್ನೊಂದು ಹರಿಯುವಂಥವು. ಅಲ್ಲಿ ಚಾಪೆ ಒಂದು ದಿನವೂ ಉಳಿಯುವುದಿಲ್ಲ.

ಚಾಪೆ ಎಂದು ಹೆಸರಿಟ್ಟವನು ದೇವು. ಯಾರಾದರೂ ಹತ್ತಿರ ಬಂದರೆ ಆ ನಾಯಿ ನಾಲ್ಕೂ ಕಾಲು ಚಾಚಿ, ಗದ್ದ ನೆಲಕ್ಕೊತ್ತಿ, ಹಾಸಿದ ಚಾಪೆಯ ಹಾಗೆ ಅಂಟಿಕೊಳ್ಳುತ್ತಿತ್ತು. ಹೆದ್ದಾರಿ ಬದಿಯಲ್ಲಿ ಹಾಕಿಟ್ಟಿದ್ದ ಸಿಮೆಂಟಿನ ಕೊಳವೆಯೊಂದರೊಳಗೆ ಗಂಗೆಗೆ ಅದು ಸಿಕ್ಕಿದ್ದು. ಹೊರಗೆ ಬರಲು ಹನ್ನೊಂದು ದಿನ ತೆಗೆದುಕೊಂಡಿತ್ತು. ಏಳನೇ ಇಯತ್ತೆಗೇ ಶಾಲೆ ಬಿಟ್ಟು ಹೊಲಿಗೆ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಹಚ್ಚುತ್ತಿದ್ದ ಗಂಗೆ, ಗಿರಾಕಿ ಬಂದರೆ ಬಟ್ಟೆಯ ರಾಶಿಯ ಹಿಂದೆ ಸರಿಯುವವಳು. ‘ನಮ್ಮನೇಲಿ ಎರಡು ಜೀವ ಅದೆ, ಇಬ್ರೂ ಸೇರಿ ದಿನಕ್ಕೆ ಎರಡು ಮಾತು ಆಡ್ತಾರೆ, ಅದ್ರಲ್ಲಿ ಒಂದು ನಾಯಿದು’ ಎಂದು ದೇವು ತನ್ನ ರಿಕ್ಷಾ ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ಬಂದಿದ್ದ.

ಮನೆ ಹುಡುಕಲಿಲ್ಲವೆಂದೇನಲ್ಲ. ಮೊದಲು ಭಟ್ಕಳದ ಮುಟ್ಟಳ್ಳಿಯ ದಿನಕರ ಹೆಗಲ ಮೇಲೆ ಹೊತ್ತು ಒಯ್ದಿದ್ದ. ತೆಂಗಿನ ತೋಟಕ್ಕೆ ಕಾವಲಿಗೆ ಬೇಕಿತ್ತಂತೆ. ಚಾಪೆ ಮೂರು ದಿನ ಸಿಪ್ಪೆಯ ರಾಶಿಯೊಳಗೆ ಕೂತು, ತೋಟದವರೇ ಸರದಿಯಲ್ಲಿ ಅದನ್ನು ಕಾಯುವಂತೆ ಮಾಡಿತು. ನಾಲ್ಕನೇ ದಿನ ದಿನಕರ ಅದನ್ನು ತಂದಿಟ್ಟು, ಚಹಾ ಕೂಡ ಕುಡಿಯದೆ ಹೋದ. ಆಮೇಲೆ ಕುಮಟೆಯ ಸುಪ್ರಿಯಾ ಟೀಚರು. ಒಳ್ಳೆಯವರೇ. ಆದರೆ ಮನೆಯ ಏಳು ಜನರೂ ಸುತ್ತ ಕೂತು, ಕೈಯಲ್ಲಿ ಮೊಬೈಲು ಹಿಡಿದು, ಇತ್ತ ನೋಡು ಇತ್ತ ನೋಡು ಎಂದರೆ ಯಾವ ನಾಯಿ ತಾನೇ ನೋಡೀತು? ಅದು ಗ್ಯಾಸ್ ಸಿಲಿಂಡರಿನ ಹಿಂದೆ ಸೇರಿದ್ದು, ಸಿಲಿಂಡರ್ ಬದಲಿಸುವ ದಿನವೇ ಹೊರಬಿದ್ದಿತು. ಎರಡು ಸಲ ತವರಿಗೆ ವಾಪಸು ಬಂದ ಮದುಮಗಳು ಎಂದು ದೇವು ನಕ್ಕ. ಗಂಗೆ ನಗಲಿಲ್ಲ.

ಕೊನೆಗೆ ಹೊಲಿಗೆ ಅಂಗಡಿಯವರ ನೆಂಟ, ಅಘನಾಶಿನಿಯಲ್ಲಿ ಕಿರಾಣಿ ಅಂಗಡಿಯಿಟ್ಟ ಕೃಷ್ಣಾನಂದ ಹ್ಞೂಂ ಎಂದ. ಎಂಥಾ ನಾಯಿಯಾದರೂ ತನ್ನ ಬಿಸ್ಕತ್ತಿಗೆ ಒಲಿಯದೆ ಇರುವುದಿಲ್ಲ ಎಂಬ ಭರವಸೆ ಅವನದು. ಭಾನುವಾರ ಬೆಳಿಗ್ಗೆ ದೇವು ರಿಕ್ಷಾ ಹೊರಡಿಸಿದ. ಗಂಗೆ ಹಿಂದೆ ಕೂತಳು. ಚಾಪೆ ಅವಳ ಕಾಲಡಿಯಲ್ಲಿ ತನ್ನ ಹೆಸರಿಗೆ ತಕ್ಕಂತೆ ಹಾಸಿಕೊಂಡಿತ್ತು.

ಅಂಗಡಿ ಹೊಳೆಯ ದಂಡೆಯಲ್ಲೇ ಇತ್ತು. ಕೃಷ್ಣಾನಂದ ಚಪ್ಪಾಳೆ ತಟ್ಟಿದ, ಸಿಳ್ಳೆ ಹಾಕಿದ, ಬಿಸ್ಕತ್ತಿನ ಪೊಟ್ಟಣ ಚರಚರ ಹರಿದು ನಾಯಿಯ ಮೂಗಿನವರೆಗೂ ಬಗ್ಗಿದ. ಚಾಪೆ ಒಮ್ಮೆ ನಡುಗಿ, ಕೊರಳಿನ ಹಗ್ಗದಿಂದ ತಲೆ ಜಾರಿಸಿ, ಹೊಳೆಯ ಕಡೆ ಓಡಿತು.

ಸಮುದ್ರದ ಇಳಿತದ ಹೊತ್ತು. ನೀರು ಹಿಂದೆ ಸರಿದು ದಂಡೆಯುದ್ದಕ್ಕೂ ಕೆಸರು ಬಿಚ್ಚಿಕೊಂಡಿತ್ತು. ಏಳೆಂಟು ಹೆಂಗಸರು ಸೀರೆ ಎತ್ತಿಕಟ್ಟಿ, ಸೊಂಟ ಬಗ್ಗಿಸಿ, ಕೆಸರಿನಲ್ಲಿ ಕೈಯಾಡಿಸಿ ಸಾರಿಗಾಗುವ ಬಳಚಿನ ಚಿಪ್ಪಿ ಹೆಕ್ಕುತ್ತಿದ್ದರು. ಚಾಪೆ ಅವರನ್ನೂ ದಾಟಿ ನೀರಿನ ಅಂಚಿಗೆ ಹೋಗಿ ನಿಂತಿತು. ದಂಡೆಯಿಂದ ಕೃಷ್ಣಾನಂದ ಕೂಗಿದಷ್ಟೂ ಅದು ಮುಂದೆ ಹೋಯಿತು. ದೇವುವೂ ದನಿಗೂಡಿಸಿದ; ಇನ್ನೂ ನಾಲ್ಕು ಹೆಜ್ಜೆ ಮುಂದೆ. ಇನ್ನೊಂದು ತಾಸಿಗೆ ನೀರು ತಿರುಗಿ ಏರುತ್ತದೆ, ಅಲ್ಲಿ ಸೆಳೆತ ಜೋರು ಎಂದು ಯಾರೋ ಹೇಳಿದರು.

ಗಂಗೆ ಕೆಸರಿಗಿಳಿದಳು. ಮೊಣಕಾಲವರೆಗೆ ಹೂತುಹೋದಳು. ಕರೆಯುವ ಬದಲು ನೋಡಿದಳು. ನೋಡುತ್ತಿದ್ದಂತೆ ಒಂದು ಸಂಗತಿ ಕಂಡಿತು. ದಂಡೆಯವರು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಸುಮ್ಮನಾದಾಗ ಚಾಪೆ ಹಿಂದಕ್ಕೆ ಬರುತ್ತಿತ್ತು. ಬರುತ್ತಿದ್ದುದು ತನ್ನ ಕಡೆಗಲ್ಲ, ಬಳಚು ಹೆಕ್ಕುವವರ ಕಡೆಗೆ. ಅವರ ಮುಖ ಕೆಸರಿನ ಕಡೆ, ಬೆನ್ನು ಲೋಕದ ಕಡೆ. ಅವರಲ್ಲಿ ಒಬ್ಬರೂ ನಾಯಿಯನ್ನು ನೋಡುತ್ತಿರಲಿಲ್ಲ. ಆ ಹನ್ನೊಂದು ದಿನ ಕೊಳವೆಯ ಬಾಯಲ್ಲಿ ಕೂತು ತಾನು ಮಾಡಿದ್ದಾದರೂ ಏನು? ಮಡಿಲಲ್ಲಿ ರವಿಕೆ ಇಟ್ಟು, ಕಣ್ಣು ಸೂಜಿಯ ಮೇಲಿಟ್ಟು, ಹುಕ್ಕು ಹಚ್ಚಿದ್ದು.

ಅವಳು ದಂಡೆಯ ಕಡೆ ತಿರುಗಿದಳು.

‘ಕೃಷ್ಣಾನಂದಣ್ಣ, ಸುಮ್ನೆ ಕೂತ್ಕಳಿ. ಅಣ್ಣ, ನೀನೂ. ಇಬ್ರೂ ಆ ಬದಿಗೆ ಮೊಕ ಮಾಡಿ.’

ತಂಗಿಯ ದನಿ ಅಷ್ಟು ದೂರ ಹೋಗುತ್ತದೆಂದು ದೇವುವಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಕೂತ. ಕೃಷ್ಣಾನಂದನೂ ಕೂತ. ಮಾಸ್ತರರಿಂದ ಬೈಸಿಕೊಂಡ ಹುಡುಗರ ಹಾಗೆ ಇಬ್ಬರೂ ಹೊಳೆಗೆ ಬೆನ್ನು ಹಾಕಿ, ತಮಗೆ ಕಾಣದ ನಾಯಿ ಬಂತೋ ಇಲ್ಲವೋ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

ಗಂಗೆ ತನ್ನ ಪಕ್ಕದ ಹೆಂಗಸಿಗೆ, ಅಕ್ಕಾ, ದಯಮಾಡಿ ನೀವೂ ಅದನ್ನು ನೋಡಬೇಡಿ ಎಂದು ಸಣ್ಣಗೆ ಹೇಳಿದಳು. ಮಂಗಲಾ ಎಂಬ ಆ ಹೆಂಗಸಿಗೆ ಐವತ್ತು ದಾಟಿರಬೇಕು. ಅವಳು ತಲೆ ಎತ್ತಲಿಲ್ಲ.

‘ನಿನ್ ನಾಯಿ ನೋಡೂಕೆ ನಂಗೆ ಪುರ್ಸೊತ್ತು ಎಲ್ಲದೆ ಹುಡ್ಗಿ? ನಿಂತ್ಕಂಡು ಎಂತ ಮಾಡ್ತೆ, ಹೆಕ್ಕು.’

ಗಂಗೆ ಬಗ್ಗಿ ಹೆಕ್ಕಿದಳು. ಅವಳ ಕೈಗೆ ಬಂದದ್ದರಲ್ಲಿ ಅರ್ಧ ಖಾಲಿ ಚಿಪ್ಪಿ. ಮಂಗಲಾ ಅವುಗಳನ್ನು ಒಂದೊಂದಾಗಿ ಬುಟ್ಟಿಯಿಂದ ತೆಗೆದೆಸೆದು, ಹೊನ್ನಾವರದಲ್ಲಿ ಇದನ್ನೇ ಸಾರು ಮಾಡುತ್ತಾರೋ ಎಂದು ಕೇಳಿದಳು. ಹೀಗೆ ಎಷ್ಟೋ ಹೊತ್ತು ಕಳೆದ ಮೇಲೆ ಮಂಗಲಾಳ ಬುಟ್ಟಿಯ ಆಚೆ ಕೆಸರು ಮೆತ್ತಿದ ಒಂದು ಮೂಗು ಬಂತು. ಬುಟ್ಟಿಯನ್ನು ಮೂಸಿತು. ಮಂಗಲಾಳ ಮೊಣಕೈಯನ್ನೂ ಮೂಸಿತು. ಗಂಗೆ ಹೆಕ್ಕುವುದನ್ನು ನಿಲ್ಲಿಸಿದಳು. ಮಂಗಲಾ ಮಾತ್ರ ಕೆಸರಿನ ಜೊತೆಗೇ ಮಾತಾಡಿದಳು: ತನಗೆ ನಾಯಿ ಗೀಯಿ ಬೇಡ, ಸತ್ತ ಗಂಡ ಒಬ್ಬ ಸಾಕಾಗಿದ್ದ, ಮನೆಯಲ್ಲಿ ಅಕ್ಕಿ ಗಂಜಿ ಮತ್ತು ಬಳಚಿನ ಸಾರು ಬಿಟ್ಟರೆ ಬೇರೆ ಏನೂ ಸಿಗುವುದಿಲ್ಲ.

ನೀರು ತಿರುಗಿತು. ಹೆಂಗಸರು ಬುಟ್ಟಿ ಹೊತ್ತು ದಂಡೆಗೆ ನಡೆದರು. ಚಾಪೆ ಮಂಗಲಾಳ ಹೆಜ್ಜೆಯ ಗುಂಡಿಯಲ್ಲೇ ಹೆಜ್ಜೆ ಇಡುತ್ತ ಹಿಂದೆ ಹೋಯಿತು. ಕೃಷ್ಣಾನಂದನ ಅಂಗಡಿಯ ಮುಂದಿನಿಂದಲೇ ಹೋಯಿತು, ಅವನು ಬಿಸ್ಕತ್ತು ಹಿಡಿದ ಕೈಯನ್ನು ಬೆನ್ನ ಹಿಂದೆ ಚಾಚಿ ಕೂತೇ ಇದ್ದ. ಮಂಗಲಾಳ ಹಿತ್ತಲಿನಲ್ಲಿ ಖಾಲಿ ಚಿಪ್ಪಿಗಳ ಬಿಳಿ ಗುಡ್ಡೆಯಿತ್ತು. ಅದರ ಬಿಸಿಲಿನ ಬದಿಗೆ ಹೋಗಿ ನಾಯಿ ಕಣ್ಣು ಮುಚ್ಚಿತು.

ತನಗೆಂದು ತಂದ ನಾಯಿ ಇಲ್ಲಿ ಹೇಗೆ ಎಂದು ಕೇಳಿಕೊಂಡು ಬಂದ ಕೃಷ್ಣಾನಂದನಿಗೆ ಮಂಗಲಾ ಚಿಪ್ಪಿ ತೊಳೆಯುತ್ತಲೇ ಉತ್ತರ ಕೊಟ್ಟಳು.

‘ನಾನು ಕರೀಲಿಲ್ಲ. ಬಂದದ್ದಕ್ಕೆ ಹೋಗು ಅನ್ನೂದೂ ಇಲ್ಲ.’

ಕೃಷ್ಣಾನಂದ ಮುಖ ಸಣ್ಣದು ಮಾಡಿಕೊಂಡು, ಉಳಿದ ಬಿಸ್ಕತ್ತನ್ನು ತಾನೇ ತಿಂದ.

ಗಂಗೆಗೆ ಒಮ್ಮೆ ಅದರ ಕಿವಿ ಮುಟ್ಟಬೇಕೆನಿಸಿತು. ಎರಡು ಹೆಜ್ಜೆ ಇಟ್ಟಳು. ಮಂಗಲಾ ಈಗ ಮೊದಲ ಸಲ ತಲೆ ಎತ್ತಿ ಅವಳನ್ನೇ ನೋಡಿದಳು.

‘ಮುಟ್ಟೂದಾದ್ರೆ ಕರ್ಕಂಡೇ ಹೋಗು ತಂಗಿ. ಬಿಟ್ಟು ಹೋಗೂದಾದ್ರೆ ಹಾಂಗೇ ಹೋಗು.’

ಗಂಗೆ ನಿಂತಳು. ನಾಯಿಯ ಹೊಟ್ಟೆ ಉಸಿರಿಗೆ ಏರಿ ಇಳಿಯುವುದನ್ನು ಎಣಿಸಿದಂತೆ ನೋಡಿದಳು. ಆಮೇಲೆ, ಆತು ಅಕ್ಕಾ ಎಂದು ಹೇಳಿ, ಖಾಲಿ ಹಗ್ಗವನ್ನು ಕೈಗೆ ಸುತ್ತಿಕೊಂಡು ಬಂದು ರಿಕ್ಷಾ ಹತ್ತಿದಳು. ಹಿಂದೆ ತಿರುಗಬಾರದೆಂದು ನಿರ್ಧರಿಸಿದ್ದಳು, ತಿರುಗಲಿಲ್ಲ. ರಿಕ್ಷಾ ಮಾತ್ರ ಎತ್ತಿನಗಾಡಿಗಿಂತ ನಿಧಾನ ಸಾಗುತ್ತಿತ್ತು. ದೇವು ಕನ್ನಡಿಯನ್ನು ಒಮ್ಮೆ ಹೀಗೆ ಬಗ್ಗಿಸಿದ, ಒಮ್ಮೆ ಹಾಗೆ.

‘ರಸ್ತೆ ನೋಡು ಅಣ್ಣ’ ಎಂದಳು ಗಂಗೆ.

‘ನೋಡ್ತನೇ ಇದ್ದೆ ಮಾರಾಯ್ತಿ’ ಎಂದ ದೇವು, ಮೂಗು ಒರೆಸಿಕೊಂಡು. ತಿರುವು ಬರುವವರೆಗೆ ಅವನು ರಸ್ತೆಯೊಂದನ್ನು ಬಿಟ್ಟು ಮತ್ತೆಲ್ಲವನ್ನೂ ನೋಡಿದ.