ಈ ವರ್ಷ ತೂಬಿನ ಮೇಲೆ ಯಾರೂ ಬೈಯಲಿಲ್ಲ

ಬೆಳಿಗ್ಗೆ ಏಳರಿಂದ ಮಾವ ತೂಬಿನ ಕಟ್ಟೆಯ ಮೇಲೆ ಕೂತು ಎರಡೂ ಕಡೆಗೆ ಕಿವಿ ಕೊಡುತ್ತಿದ್ದರು. ಎಡಕ್ಕೆ ಗದ್ದೆ, ಬಲಕ್ಕೆ ಸಮುದ್ರ ಸೇರುವ ಕಾಲುವೆ, ನಡುವೆ ಒಂಬತ್ತು ಹಲಗೆ ಇಳಿಸಿದರೆ ಮುಚ್ಚಿಕೊಳ್ಳುವ ತೂಬು. ಮಧ್ಯಾಹ್ನ ಹನ್ನೆರಡಕ್ಕೆ ವರ್ಷದ ದೊಡ್ಡ ಉಬ್ಬರ. ತಡವಾಗಿ ಇಳಿಸಿದರೆ ಉಪ್ಪುನೀರು ನುಗ್ಗಿ ಪೈರು ಸುಟ್ಟುಹೋದೀತು. ಬೇಗ ಇಳಿಸಿದರೆ ಒಳಗೆ ಬರಬೇಕಾದ ಸಿಗಡಿ ಮರಿ ಹೊರಗೇ ಉಳಿದು ಬಲೆಯವರ ಹೊಟ್ಟೆಗೆ ಕಲ್ಲು. ತೂಬು ಕಾಯುವುದು ಮಾವನ ಕೆಲಸ. ಲೆಕ್ಕ ತಪ್ಪಿದರೆ ಎರಡೂ ಕಡೆಯವರು ಹಿಡಿಯುವುದು ಅವರ ಕುತ್ತಿಗೆಯನ್ನೇ.

"ಕೇಳಿಸ್ತೇನಮ್ಮಾ?" ಎಂದರು.

"ಏನು ಮಾವ?"

"ಅದೇ, ಏನೂ ಕೇಳಿಸ್ತಿಲ್ಲ."

ತಪ್ಪು ನನ್ನದು. ಊರಲ್ಲಿ ಜಗಳ ನಿಲ್ಲಿಸಿ ಎಂದು ಹೋದ ತಿಂಗಳು ಕಚೇರಿಯಿಂದ ಬಂದವರು ಹೇಳಿದಾಗ, ಬಿ.ಎ. ಓದಿದ ಸೊಸೆ ಎಂಬ ಹೆಮ್ಮೆಗೆ ನಾನೇ ಶಾಂತಿ ಒಪ್ಪಂದ ಬರೆದುಕೊಟ್ಟಿದ್ದೆ. ಅದರಲ್ಲಿ ಒಪ್ಪವೂ ಇತ್ತು, ಅಂದವೂ ಇತ್ತು. 'ತೂಬಿನ ಬಳಿ ಯಾರೂ ಯಾರನ್ನೂ ಬೈಯತಕ್ಕದ್ದಲ್ಲ' ಎಂಬ ಸಾಲಿಗೆ ನಾನೇ ಮನಸ್ಸಿನಲ್ಲಿ ಚಪ್ಪಾಳೆ ತಟ್ಟಿಕೊಂಡಿದ್ದೆ. ಗದ್ದೆಯವರ ಪರವಾಗಿ ಗುಡುಗಮ್ಮ ಸಹಿ ಹಾಕಿದರು. ಅವರು ಗುಟ್ಟು ಹೇಳಿದರೂ ಆಚೆ ದಡದವರಿಗೆ ಕೇಳಿಸುತ್ತದೆ. ಬಲೆಯವರ ಪರವಾಗಿ ಕೆಮ್ಮಣ್ಣ. ಆತ ಎರಡು ಸಲ ಕೆಮ್ಮದೆ ಮಾತೇ ಶುರು ಮಾಡುವುದಿಲ್ಲ.

ಪ್ರತಿ ವರ್ಷ ದೊಡ್ಡ ಉಬ್ಬರದ ದಿನ ಇವರಿಬ್ಬರೂ ತೂಬಿನ ಎರಡು ತುದಿಯಲ್ಲಿ ನಿಂತು ಗಂಟಲು ಹರಿಯುವಂತೆ ಬೈದಾಡುತ್ತಿದ್ದರು. ಹೋದ ವರ್ಷ ನಾನೂ ನೋಡಿದ್ದೆ. ನನಗೆ ಕಂಡದ್ದು ಜಗಳ. ಆ ಬೈಗುಳದೊಳಗಿಂದಲೇ ಪೈರು ಎಷ್ಟು ಬಂದಿದೆ, ಮರಿ ಎಲ್ಲಿದೆ ಎಂದು ಹೆಕ್ಕಿಕೊಂಡು ಮಾವ ಹಲಗೆ ಇಳಿಸುತ್ತಿದ್ದರು ಎಂಬುದು ನನಗೆ ತಿಳಿದದ್ದು ಇವತ್ತು.

"ಮನೆಗೇ ಹೋಗಿ ಕೇಳಬಹುದಿತ್ತಲ್ಲ ಮಾವ?"

"ನಿನ್ನೆ ಹೋಗಿದ್ದೆ. ಗುಡುಗಮ್ಮ ಕುರ್ಚಿ ಹಾಕಿದ್ರು! ಮೂವತ್ತು ವರ್ಷದಲ್ಲಿ ಮೊದಲನೇ ಸಲ. 'ಅವರಿಗೆ ಹೇಗೆ ಅನುಕೂಲವೋ ಹಾಗೆ ಮಾಡಿ ಅಣ್ಣಾ' ಅಂದ್ರು. ಅಲ್ಲಿಂದ ಕೆಮ್ಮಣ್ಣನ ಹತ್ರ ಹೋದೆ. 'ನಮ್ದೇನಿದೆ, ಮೊದ್ಲು ಅವರು ಹೇಳ್ಲಿ' ಅಂದ. ಕೆಮ್ಮಲೂ ಇಲ್ಲ."

ಹತ್ತೂವರೆಗೆ ಕಾಲುವೆಯ ನೀರು ನಿಂತು, ಆಮೇಲೆ ಹಿಂದಕ್ಕೆ, ಗದ್ದೆಯ ಕಡೆಗೆ, ಹರಿಯತೊಡಗಿತು. ಮಾವ ಒಂದು ಹಲಗೆ ಎತ್ತಿದರು, ಇಟ್ಟರು. ಮತ್ತೆ ಎತ್ತಿದರು.

"ಒಂದು ಮಾತು ಕೇಳ್ಲಾ? ಅಡುಗೆಮನೇಲಿ ನೀನು ನಿಮ್ಮತ್ತೆ ದನೀನ ಅಣಕ ಮಾಡ್ತೀಯಲ್ಲ..."

ನನ್ನ ಕಿವಿ ಬಿಸಿಯಾಯಿತು. "ನಿಮಗೆ ಕೇಳಿಸ್ತಿತ್ತಾ ಮಾವ?"

"ಎರಡು ಸಲ ನಿನಗೇ 'ಬಂದೆ ಕಣೇ' ಅಂತ ಓಗೊಟ್ಟಿದ್ದೀನಿ. ಅದಿರ್ಲಿ. ಇವರಿಬ್ಬರ ತರ ಬೈಯಕ್ಕೆ ಬರುತ್ತಾ? ಕೇಳಿದ್ರೆ ನನಗೇನಾದ್ರೂ ಹೊಳೆದೀತು."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತೂಬಿನ ಎಡತುದಿಗೆ ಹೋಗಿ ಸೊಂಟಕ್ಕೆ ಕೈಕೊಟ್ಟು ಗುಡುಗಿದೆ: "ಏಯ್ ಮೀನುಗಣ್ಣಾ! ಮೊಣಕಾಲುದ್ದ ಪೈರು ಬಂದಿದೆ ನನ್ನ ಗದ್ದೇಲಿ, ನಿನ್ನ ಉಪ್ಪು ನೀನೇ ನೆಕ್ಕು!" ಬಲತುದಿಗೆ ಓಡಿ ಎರಡು ಸಲ ಕೆಮ್ಮಿದೆ: "ಪೈರಿಗಿಂತ ನಿನ್ನ ನಾಲಿಗೆ ಉದ್ದ ಕಣಕ್ಕಾ! ಮರಿ ಬರೋ ತನಕ ಒಂದು ಹಲಗೆ ಇಳಿಸಿ ನೋಡು!"

ದನಿ ನೀರಿನ ಮೇಲೆ ಜಾರಿಕೊಂಡು ಎರಡೂ ಕಡೆಯ ಮನೆಗಳನ್ನು ಮುಟ್ಟಿತು. ಮಾವ ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದರು. "ದನಿ ಅವರದ್ದೇ. ಮಾತು ಹೋದ ವರ್ಷದ್ದು."

ಅಷ್ಟರಲ್ಲಿ ಗುಡುಗಮ್ಮ ಬದುವಿನ ಮೇಲೆ ಓಡಿ ಬಂದರು. "ನಾನು ಮನೇಲಿ ಕೂತಿದ್ದೀನಿ, ಇಲ್ಲಿ ನನ್ನ ಬಾಯಲ್ಲಿ ಬೈತಿರೋದು ಯಾರು?" ಆಚೆಯಿಂದ ಕೆಮ್ಮಣ್ಣ ದೋಣಿಯಿಂದ ಜಿಗಿದು, "ನಾನು ಸತ್ತೆ ಅಂದ್ಕೊಂಡ್ರಾ?" ಎಂದ. ಕೆಮ್ಮಿಯೇ ಎಂದ.

ನಾನು ಕೈಮುಗಿದೆ. ಗುಡುಗಮ್ಮನಿಗೆ ಸಮಾಧಾನವಾಗಲಿಲ್ಲ. "ಬೈದಿದ್ದಕ್ಕಲ್ಲ ಕಣೇ ಕೋಪ, ತಪ್ಪು ಬೈದಿದ್ದಕ್ಕೆ. ಮೊಣಕಾಲುದ್ದ ಎಲ್ಲಿದೆ? ಮೊದಲು ಹಾಕಿದ ಬೀಜ ಕೊಳೆತು ಮತ್ತೆ ಬಿತ್ತಿದ್ದೀನಿ. ಎರಡೇ ಎಲೆ ಬಂದಿರೋದು. ಒಂದು ಗುಟುಕು ಉಪ್ಪು ಕುಡಿದ್ರೂ ಅಲ್ಲೇ ಮಲಗುತ್ತೆ!"

"ನಾನೇನು ಮರಿ ಬೇಕು ಅಂದ್ನಾ?" ಕೆಮ್ಮಣ್ಣ ಏರಿಬಂದ. "ಮರಿ ಆಗ್ಲೇ ಒಳಗೆ ಬಂದಾಯ್ತು. ತೂಬಿನ ಬಾಯಲ್ಲಿ ರಾತ್ರಿಯೇ ನೀರಿನಡಿ ನಾಲ್ಕು ಬಲೆ ಕಟ್ಟಿದ್ದೀನಿ. ಹಲಗೆ ಬಿದ್ರೆ ಚಿಂದಿಯಾಗುತ್ತೆ. ಅದನ್ನ ಹೇಳೋದು ಬಿಟ್ಟು!"

ಮಾವ ಎದ್ದು ನಿಂತರು. "ಎತ್ತಕ್ಕೆ ಎಷ್ಟು ಹೊತ್ತು ಬೇಕು?"

"ಒಬ್ಬನೇ ಆದ್ರೆ ಒಂದು ಗಂಟೆ."

ಹನ್ನೆರಡಕ್ಕೆ ಇದ್ದದ್ದು ಮುಕ್ಕಾಲು ಗಂಟೆ. ಗುಡುಗಮ್ಮ ಬಟ್ಟೆ ಎತ್ತಿಕಟ್ಟಿ ಸೊಂಟಮಟ್ಟದ ನೀರಿಗೆ ಇಳಿದರು. "ಇದೇನು ಗಂಟೋ, ನಿನ್ನ ಬುದ್ಧಿಯೋ? ಹೇಳಕ್ಕೇನಾಗಿತ್ತು ನಿನಗೆ?" "ನೀನು ಹೇಳಿದ್ದೀಯಾ? ಕುರ್ಚಿ ಹಾಕ್ತಾಳಂತೆ, ಕುರ್ಚಿ!" ಬೈಯುತ್ತಲೇ ಬಲೆ ಬಿಚ್ಚಿದರು, ಬೈಯುತ್ತಲೇ ಎಳೆದರು. ನಾನು ದಡದಲ್ಲಿ ಒದ್ದೆ ಬಲೆ ಹೊತ್ತು ನಿಂತಿದ್ದೆ. ನಾನು ಈಗ ಶಾಂತಿ ಮುರಿದೆನೋ, ಹೋದ ತಿಂಗಳೇ ಮುರಿದಿದ್ದೆನೋ? ಬಲೆಯ ತುದಿ ಯಾವುದು ಎಂಬುದೂ ತಿಳಿಯಲಿಲ್ಲ.

ನಾಲ್ಕನೆಯ ಬಲೆ ಮೇಲೆ ಬಂದದ್ದೇ ತಡ, ಮಾವ ಒಂದೊಂದಾಗಿ ಹಲಗೆ ಇಳಿಸಿದರು. ಒಂಬತ್ತನೆಯದನ್ನು ಕಾಲಿನಿಂದ ಒತ್ತಿ ಕೂರಿಸುವ ಹೊತ್ತಿಗೆ ಹೊರಗಿನ ನೀರು ಎಂಟನೆಯದನ್ನು ಮುಟ್ಟಿತ್ತು. ಎಲ್ಲಾದರೂ ಜಿನುಗುತ್ತಿದೆಯೇ ಎಂದು ಗದ್ದೆಯ ಕಡೆಯಿಂದ ಬಗ್ಗಿ ಹಲಗೆಗೆ ಕಿವಿಯಿಟ್ಟರು. ಕಟ್ಟೆಯ ಮೇಲೆ ಇಬ್ಬರೂ ಈಗ ಯಾರದೋ ಬಾತುಕೋಳಿಯ ವಿಷಯಕ್ಕೆ ಹೋಗಿದ್ದರು.

"ಸ್ವಲ್ಪ ಸುಮ್ನಿರ್ರೋ! ಏನೂ ಕೇಳಿಸ್ತಿಲ್ಲ."

ಇಬ್ಬರೂ ಗಪ್ಪಾದರು. ನೀರೂ ಸದ್ದು ಮಾಡಲಿಲ್ಲ. ಗುಡುಗಮ್ಮ ಕೆಮ್ಮಣ್ಣನ ಮುಖ ನೋಡಿದರು, ಕೆಮ್ಮಣ್ಣ ನನ್ನ ಮುಖ ನೋಡಿದ.

"ಜಿನುಗ್ತಿಲ್ಲ," ಎಂದರು ಮಾವ ಕೆಳಗಿನಿಂದ.

"ಅಷ್ಟೇನಾ? ಮುಗೀತಾ ಅಣ್ಣಾ?" ಗುಡುಗಮ್ಮ ಕೇಳಿದರು. "ಹಂಗಾದ್ರೆ ಇನ್ನು ಮಾತಾಡಬಹುದಾ?"

ಆ ಕೊನೆಯ ಪ್ರಶ್ನೆಯನ್ನು ಅವರು ಕೇಳಿದ್ದು ಮಾವನನ್ನಲ್ಲ, ನನ್ನನ್ನು. ಉತ್ತರಕ್ಕೆ ನಾನು ಎರಡು ಸಲ ಕೆಮ್ಮಿದೆ.