ವಿಷಾದ ಯಾರಿಗೆ

ಕೊಲ್ಲಿ ನಾಡಿನ ಸೊಹಾರ್‌ನ ಒಂದು ಕಾರ್ಖಾನೆಯಲ್ಲಿ ಐವರು ಜಪಾನೀ ಎಂಜಿನಿಯರುಗಳಿಗೆ ಇಂಗ್ಲಿಷ್ ಕಲಿಸುವ ಕೆಲಸ ಬಾಗಲಕೋಟೆಯ ಉಜ್ವಲಾಗೆ ಸಿಕ್ಕಿತ್ತು. ವಾರಕ್ಕೆರಡು ಸಂಜೆ ಪಾಠ. ಉಚ್ಚಾರದ ತೊಡಕು ಅವಳಿಗೆ ದೊಡ್ಡದಲ್ಲ, ಕಂಗೆಡಿಸಿದ್ದು ಅವರ ಮೌನ. ಅರ್ಥವಾಯಿತೇ ಎಂದರೆ ಐವರೂ ‘ಯೆಸ್’ ಎನ್ನುವರು. ಅದರರ್ಥ ‘ಕೇಳಿಸಿತು’ ಎಂದಷ್ಟೇ ಎಂದು ತಿಳಿಯಲು ಅವಳಿಗೆ ಎರಡು ತಿಂಗಳು ಹಿಡಿಯಿತು. ಅವರಲ್ಲಿ ಹಿರಿಯರಾದ ಇಶಿದಾ ಒಂದು ದಿನ ತಾವಾಗಿಯೇ ಕೈಯೆತ್ತಿ ಪ್ರಶ್ನೆ ಕೇಳಿದಾಗ, ಮನೆಗೆ ಹೋಗಿ ಗಂಡನಿಗೆ ಹೇಳುವಷ್ಟು ಖುಷಿಪಟ್ಟಿದ್ದಳು.

ಮಾರ್ಚಿನಲ್ಲಿ ಇಶಿದಾರ ಕೈಕೆಳಗಿನ ಫಿಟ್ಟರ್ ಭೀಮಪ್ಪ, ಎತ್ತರದಲ್ಲಿ ಕಟ್ಟಿದ್ದ ಹಲಗೆ ಜಾರಿ, ಬಿದ್ದು ತೀರಿಕೊಂಡ. ಬಾದಾಮಿ ಕಡೆಯವನು. ದೇಹ ಊರು ಸೇರಿ ವಾರವಾದ ಮೇಲೆ ಇಶಿದಾ ಪಾಠಕ್ಕೆ ಅರ್ಧ ಗಂಟೆ ಮುಂಚೆ ಬಂದರು. ಕೈಯಲ್ಲಿ ಆಫೀಸಿನವರು ಭೀಮಪ್ಪನ ಮನೆಗೆ ಕಳಿಸಿದ ಪತ್ರದ ಪ್ರತಿ.

“ಟೀಚರ್, ‘ಘಟನೆಗೆ ವಿಷಾದವಿದೆ’ ಅಂತ ಬರೆದಿದ್ದಾರೆ. ವಿಷಾದ ಯಾರಿಗೆ? ಹೆಸರೇ ಇಲ್ಲ.”

“ಆಫೀಸಿನ ಇಂಗ್ಲಿಷ್ ಹಾಗೇ ಇರುತ್ತೆ.”

“ಆ ಹಲಗೆ ನೋಡುವುದು ನನ್ನ ಕೆಲಸ. ಆ ದಿನ ನಾನು ನೋಡಲಿಲ್ಲ. ಇದನ್ನು ಅವನ ಮನೆಯವರಿಗೆ ಹೇಗೆ ಹೇಳಬೇಕು?”

ಹಿಂದಿನ ವಾರವಷ್ಟೇ ಉಜ್ವಲಾ ‘ಮಾಡಬೇಕಾಗಿತ್ತು’ ಎನ್ನುವ ‘ಶುಡ್ ಹ್ಯಾವ್’ ಕಲಿಸಿದ್ದಳು, ಬಸ್ಸು ತಪ್ಪಿದ್ದು, ಕೊಡೆ ಮರೆತದ್ದು ಎಂಬ ಉದಾಹರಣೆ ಕೊಟ್ಟು. ಹೀಗೆ ಹೇಳಿದರೆ ನೌಕರಿಗೇ ಕುತ್ತು ಬಂದೀತು ಎಂದು ಎಚ್ಚರಿಸಿದಳು.

“ಯೆಸ್.”

“ಕೇಳಿಸಿತೋ, ಅರ್ಥವಾಯಿತೋ?”

“ಅರ್ಥವಾಯಿತು. ಆದರೂ ಹೇಳಬೇಕು.”

ಅವಳು ವಾಕ್ಯವನ್ನು ಬೋರ್ಡಿನ ಮೇಲೆ ಬರೆದಳು. ಇಶಿದಾ ಏಳೆಂಟು ಸಲ ಓದಿ ಬಾಯಿಪಾಠ ಮಾಡಿದರು.

ಭೀಮಪ್ಪನ ಹೆಂಡತಿ ನಾಗವ್ವನಿಗೆ ಇಂಗ್ಲಿಷ್ ಬಾರದು. ಮರುದಿನ ಮಧ್ಯಾಹ್ನ ಉಜ್ವಲಾಳೇ ಫೋನ್ ಹಚ್ಚಿ, ಮಾತಾಡುವವರು ಯಾರೆಂದು ತಿಳಿಸಿದಳು. ಇಶಿದಾ ಎದ್ದು ನಿಂತು ಹೇಳಿದರು. ಅವಳು ಕನ್ನಡಕ್ಕೆ ತಂದಳು: “ಅವತ್ತ ಆ ಹಲಗಿ ನಾ ನೋಡಬೇಕಾಗಿತ್ತು, ನೋಡಲಿಲ್ಲ, ತಪ್ಪು ನಂದು ಅಂತಾರ್ರಿ ಅಕ್ಕಾರ.”



“ನಮ್ಮ ಮನಿಯವರು ಅವತ್ತ ಏನರ ತಿಂದಿದ್ರೇನ್ರಿ?” ಎಂದಳು ನಾಗವ್ವ.

ಇದಕ್ಕೆ ಇಶಿದಾರ ಬಳಿ ಬಾಯಿಪಾಠದ ವಾಕ್ಯವಿರಲಿಲ್ಲ. ಕ್ರಿಯಾಪದಗಳಲ್ಲೆಲ್ಲ ಎಡವುತ್ತ ಹೇಳಿದರು: ಭೀಮಪ್ಪ ರೊಟ್ಟಿ ತಂದಿದ್ದ. ನನಗೂ ಒಂದು ಕೊಟ್ಟ. ಚಟ್ನಿಪುಡಿ ಖಾರವಾಗಿ ನಾನು ಕೆಮ್ಮಿದೆ. ಅವನು ನಕ್ಕ, ನೀರು ಕೊಟ್ಟ. ಉಜ್ವಲಾ ಒಂದನ್ನೂ ತಿದ್ದದೆ ನಾಗವ್ವನಿಗೆ ಮುಟ್ಟಿಸಿದಳು.

“ಅವರಿಗೆ ಹೇಳ್ರಿ. ಮಾಫ್ ಮಾಡಾಕ ನನಗ ಆಗೂದಿಲ್ಲ. ಆದ್ರ ಬಾಯಿ ಬಿಟ್ಟು ಹೇಳಿದ್ದು ಚೊಲೊ ಆತು.”

ಮೊದಲ ಮಾತನ್ನು ನುಂಗಿಬಿಡಲೇ ಎಂದು ಉಜ್ವಲಾ ಅರೆಕ್ಷಣ ಅಳುಕಿದಳು. ಕೊನೆಗೆ ಎರಡನ್ನೂ ಹೇಳಿದಳು. ಇಶಿದಾ ಮೇಜಿನ ಮೇಲಿನ ಫೋನಿಗೆ ತಲೆಬಾಗಿ, ಕರೆ ಮುಗಿದ ಮೇಲೂ ಹಾಗೆಯೇ ನಿಂತಿದ್ದರು.

ಅಪಘಾತದ ತನಿಖೆಗೆ ಬಂದವರ ಮುಂದೆಯೂ ಅವರು ಅದೇ ವಾಕ್ಯ ಹೇಳಿದರು. ತಿಂಗಳೊಳಗೆ ಕಂಪನಿ ಅವರನ್ನು ಜಪಾನಿಗೆ ವಾಪಸು ಕಳಿಸಿತು. ಮುಂದಿನ ಮಂಗಳವಾರ ಪಾಠಕ್ಕೆ ನಾಲ್ವರು ಬಂದರು.