ವಿನಾಯಿತಿಯ ಕೊನೆಯ ದಿನ

ಕೆಂಪು, ತೆರೆಯ ಮೇಲೆ ಒಂದೇ ಒಂದು ಸಾಲು ಕೆಂಪು, ಅದರ ಮೇಲೂ ಕೆಳಗೂ ಎಲ್ಲ ಹಸಿರು, ನಾನೂರ ಹನ್ನೆರಡು ಹಸಿರು, ಸಭಾಕೋಣೆಯಿಂದ ಅರಿಶಿನದನ್ನದ ವಾಸನೆ ನನ್ನ ಮೇಜಿನವರೆಗೂ ಬರುತ್ತಿದೆ, ತುಂಪೆಂಗ್ ಬಂದಿರಬೇಕು, ನಾವೆಲ್ಲ ಪಕ್, ಅಪ್ಪ, ಎಂದು ಕರೆಯುವ ವಸಿಸ್ ಇವತ್ತು ನಿವೃತ್ತರಾಗುತ್ತಾರೆ, ಆ ಅನ್ನದ ಗೋಪುರದ ತುದಿ ಕತ್ತರಿಸಿ ತಮಗೆ ತೀರ ಬೇಕಾದವರ ಕೈಗೆ ಕೊಡುತ್ತಾರೆ, ನಿನಗೇ ಕೊಡೋದು ಪಲುಪಿ, ಬೇರೆ ಯಾರಿಗೆ ಕೊಡ್ತಾರೆ ಹೇಳು, ಬೆಳಗಿನಿಂದ ಎಲ್ಲರೂ ರೇಗಿಸುತ್ತಿದ್ದಾರೆ — ತಪಾಸಣೆಯನ್ನು ಇನ್ನೊಂದು ಸಲ ಓಡಿಸಿ ನೋಡಿದೆ, ಮತ್ತೆ ಕೆಂಪು. ಈ ತಪಾಸಣೆಗೆ ಬರುವುದು ಒಂದೇ ಪ್ರಶ್ನೆ, ಆಸ್ಪತ್ರೆಗಳಿಗೆ ತಂತ್ರಾಂಶ ಮಾಡುವ ನಮ್ಮ ಕಂಪನಿಯ ಕೋಡೆಲ್ಲ ಒಂದೇ ಕಡೆ ಇದೆ, ಅದರ ಒಂದೊಂದು ಭಾಗದ ಬಾಗಿಲಿಗೂ ಹೋಗಿ ಹೊರಗಿನವರು ಬರೆದಿಟ್ಟ ಸಿದ್ಧ ಕೋಡಿನ ಯಾವ ಲೈಬ್ರರಿ ತಂದುಕೊಂಡಿದ್ದೀಯ, ಎಷ್ಟನೇ ಆವೃತ್ತಿ ಎಂದು ಕೇಳುತ್ತದೆ, ಎಲ್ಲರದೂ ಒಂದೇ ಆಗಿರಬೇಕು, ಇಲ್ಲದಿದ್ದರೆ ರಿಲೀಸ್ ಇಲ್ಲ. ರಕ್ತನಿಧಿಯ ಭಾಗ ಮಾತ್ರ ವೇಳೆ ಲೆಕ್ಕ ಹಾಕುವ ಲೈಬ್ರರಿಯ ಹಳೆಯ ಆವೃತ್ತಿಯಲ್ಲೇ ಕೂತಿದೆ, ಆರು ವರ್ಷದಿಂದ, ವಿನಾಯಿತಿ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು, ಆ ವಿನಾಯಿತಿ ಇವತ್ತಿಗೆ ಮುಗಿಯಿತು.

ಕೊನೆಯ ದಿನ ಬರೆಯಲೇಬೇಕು ಎಂದಿತ್ತು ನಿಯಮ, ಆ ಭಾಗ ಬರೆದ ಪಕ್ ವಸಿಸ್ ಆಗ ಕ್ಯಾಲೆಂಡರ್ ನೋಡಿ ನಕ್ಕಿದ್ದರು, ನನ್ನ ರಿಟೈರ್‌ಮೆಂಟ್ ದಿನಾನೇ ಬರಿ ಮಗಳೇ, ಆಮೇಲೆ ನನ್ನ ತಲೆನೋವಲ್ಲ, ಅದನ್ನ ಬದಲಾಯಿಸೋಕೆ ಕೂತ್ರೆ ಮೂರು ತಿಂಗಳು ಬೇಕು. ತಮ್ಮ ವಿನಾಯಿತಿಗೆ ತಾವೇ ಒಪ್ಪಿಗೆ ಕೊಡುವಂತಿಲ್ಲ, ಇನ್ನೊಬ್ಬರ ಹೆಸರು ಬೇಕು, ನಾನು ಸೇರಿ ಎರಡು ತಿಂಗಳಾಗಿತ್ತು, ಯಾಕೆ ಹಳೆಯದೇ ಬೇಕು ಎಂದು ಕೇಳಬೇಕಿತ್ತು, ಕೇಳಲಿಲ್ಲ, ದಾಕ್ಷಿಣ್ಯ, ಹಿರಿಯರು, ಕೋಡ್ ಓದುವುದನ್ನು ಕೈಹಿಡಿದು ಕಲಿಸಿದವರು, ಜಾವಾದ ಈ ಸೆಮಾರಾಂಗಿನಲ್ಲಿ ನಾವು ಯಾವತ್ತು ಹಿರಿಯರ ಎದುರು ಆಗುವುದಿಲ್ಲ ಎಂದಿದ್ದೇವೆ, ತಲೆಯಾಡಿಸಿ ಹೆಸರು ಹಾಕಿದೆ. ಹೊಸ ಆವೃತ್ತಿಯ ಟಿಪ್ಪಣಿಯನ್ನು ನಾನು ಓದಿದ್ದು ಇವತ್ತು ಮಧ್ಯಾಹ್ನ, ಊಟಕ್ಕೂ ಏಳದೆ, ಇನ್ನು ಮುಂದೆ ಯಾವ ಊರಿನ ವೇಳೆ ಎಂದು ಹೇಳದಿದ್ದರೆ ಲೆಕ್ಕ ಹಾಕುವುದಿಲ್ಲ ಎಂದಿದೆ ಅದರಲ್ಲಿ, ಅಂದರೆ ಹಳೆಯದು ಕೇಳುತ್ತಿರಲಿಲ್ಲ, ಯಾವ ಊರು ಎಂದು ಕೇಳದೆ ಎಲ್ಲವನ್ನೂ ಜಾವಾದ ವೇಳೆ ಎಂದುಕೊಳ್ಳುತ್ತಿತ್ತು, ನಮ್ಮ ಹಾಗೆಯೇ. ಪೂರ್ವದ ದ್ವೀಪಗಳಲ್ಲಿ ಗಡಿಯಾರ ಎರಡು ಗಂಟೆ ಮುಂದೆ, ಅಲ್ಲಿ ಕೆಟ್ಟುಹೋದ ರಕ್ತ ಇನ್ನೂ ಎರಡು ಗಂಟೆ ತೆರೆಯ ಮೇಲೆ ಹಸಿರಾಗಿಯೇ ಇರುತ್ತದೆ — ಆಗ ನೆನಪಾಯಿತು, ಮಾರ್ಸೆಲಾ.

ಆ ಪೂರ್ವದ ಮಲುಕುವಿನ ಒಂದು ಸಣ್ಣ ಆಸ್ಪತ್ರೆಯ ನರ್ಸ್, ನಾಲ್ಕು ವರ್ಷದ ಹಿಂದೆ ಸಹಾಯಕ್ಕೆಂದು ಬರೆದಿದ್ದಳು, ಅವತ್ತು ಉತ್ತರಿಸುವ ಸರದಿ ನನ್ನದು, ಅಕ್ಕಾ, ಪ್ಲೇಟ್‌ಲೆಟ್ ಚೀಲದ ಮೇಲೆ ಎರಡು ಗಂಟೆಗೆ ಅವಧಿ ಮುಗೀತು ಅಂತಿದೆ, ನಿಮ್ಮ ತೆರೆ ಮಾತ್ರ ಇನ್ನೂ ಹಸಿರು ತೋರಿಸ್ತಿದೆ, ನಾನು ಯಾವುದನ್ನ ನಂಬಲಿ, ಡೆಂಗಿ ಮಗು ಒಂದಿದೆ, ಬೇಗ ಹೇಳಿ. ಜೊತೆಗೊಂದು ಫೋಟೊ. ನನ್ನ ಗಡಿಯಾರದಲ್ಲಿ ಆಗ ಒಂದು ಗಂಟೆ, ಬಟ್ಟಲಲ್ಲಿ ಊಟದ ಸೋತೋ ಸಾರು ಆರುತ್ತಿತ್ತು, ಎರಡಾಗಲು ಇನ್ನೂ ಒಂದು ಗಂಟೆಯಿದೆಯಲ್ಲ, ಇವಳಿಗೇನು ಗಾಬರಿ ಎಂದುಕೊಂಡು ಬರೆದೆ, ತೆರೆಯನ್ನೇ ನಂಬಿ. ಅವಳು ಧನ್ಯವಾದ ಎಂದು ಬರೆದಳು, ಆಮೇಲೆ ಯಾವತ್ತೂ ಏನೂ ಕೇಳಲಿಲ್ಲ. ಇವತ್ತು ಆ ಫೋಟೊ ತೆಗೆದು ನೋಡಿದೆ, ಕೈಗವಸಿನ ಕೈ, ಹಳದಿ ಚೀಲ, ಚೀಲದ ಹಿಂದಿನ ಗೋಡೆಯಲ್ಲಿ ದುಂಡನೆಯ ಗಡಿಯಾರ, ಮೂರು ಗಂಟೆ, ಅವತ್ತು ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಇಬು ರತ್ಮಿ ಬಾಗಿಲಲ್ಲಿ, ನಮ್ಮ ವಿಭಾಗದ ಮುಖ್ಯಸ್ಥೆ, ಕೈಯಲ್ಲಿ ಹೂವಿನ ಗುಚ್ಛ, ಏನಮ್ಮಾ ಇನ್ನೂ ಕೂತಿದ್ದೀಯ, ನಾಲ್ಕಕ್ಕೆ ರಿಲೀಸ್, ವಿನಾಯಿತಿನ ಒಂದು ವರ್ಷ ಮುಂದಕ್ಕೆ ಹಾಕಿ ಎದ್ದು ಬಾ, ಪಕ್ ಚಾಕು ಹಿಡ್ಕೊಂಡು ಕಾಯ್ತಿದ್ದಾರೆ. ಅವರ ಹಿಂದೆ ಪಕ್ ವಸಿಸ್ ಅವರೇ ಬಂದುಬಿಟ್ಟರು, ಬಾತಿಕ್ ಅಂಗಿ, ಹೊಸದಾಗಿ ಕತ್ತರಿಸಿದ ಕೂದಲು, ನನ್ನ ಹೆಗಲ ಮೇಲಿಂದ ಬಗ್ಗಿ ಮೊದಲು ಕೆಂಪು ಸಾಲನ್ನು ನೋಡಿದರು, ಆಮೇಲೆ ಫೋಟೊ, ಚೀಲದ ಮೇಲಿನ ಚೀಟಿ ಓದಿದರು, ಹಿಂದಿನ ಗೋಡೆ ನೋಡಿದರು, ನಾನು ಏನನ್ನೂ ವಿವರಿಸಬೇಕಾಗಲಿಲ್ಲ, ಅವರಿಗಿಂತ ಚೆನ್ನಾಗಿ ಆ ಕೋಡ್ ಯಾರಿಗೆ ಗೊತ್ತು. ಮುಖ ಬೂದಿಯಾಯಿತು. ಸಣ್ಣ ದನಿಯಲ್ಲಿ, ಇವತ್ತೊಂದು ದಿನ ಬಿಡು ಮಗಳೇ, ಹೆಂಡತಿ ಮಕ್ಕಳೆಲ್ಲ ಒಳಗೆ ಕೂತಿದ್ದಾರೆ, ಈ ವಿಷ್ಯ ನಾಳೆ ತೆಗಿ. ನನಗೆ ಅಳು ಬಂತು, ಇವರನ್ನು ನಾನು ಅಪ್ಪನಷ್ಟೇ ಪ್ರೀತಿಸುತ್ತೇನೆ, ವಿನಾಯಿತಿಯ ತಾರೀಖಿನಲ್ಲಿ ಒಂದು ಅಂಕಿ ಬದಲಿಸಿದರೆ ಸಾಕು, ಎಲ್ಲ ಹಸಿರು, ಆಗಲ್ಲ ಪಕ್, ಎಂದಿತು ನನ್ನ ಬಾಯಿ, ಹುಟ್ಟಿದಾಗಿನಿಂದ ಹಿರಿಯರೆದುರು ಆಡದ ಮಾತು, ಅಲ್ಲಿ ಇವತ್ತೂ ಯಾವುದೋ ಚೀಲ ಹಸಿರಾಗಿದೆ, ಪೂರ್ವದ ಆಸ್ಪತ್ರೆಗಳಿಗೆಲ್ಲ ಈಗಲೇ ಹೇಳ್ಬೇಕು, ತೆರೆ ನಂಬಬೇಡಿ, ಚೀಟಿ ನೋಡಿ ಅಂತ. ಇಬು ರತ್ಮಿ ಹೂವನ್ನು ಪಕ್ಕದ ಮೇಜಿನ ಮೇಲಿಟ್ಟು ಫೋನ್ ಎತ್ತಿಕೊಂಡರು, ಪಕ್ ವಸಿಸ್ ಕುರ್ಚಿ ಎಳೆದು ಕೂತರು, ಹೇಳಿಬಿಡಿ ರತ್ಮಿ, ಆ ಕೋಡ್ ನಂದೇ ಅಂತ ಹೇಳಿ, ಎಂದರು.

ಒಪ್ಪಿಗೆ ನನ್ನದು, ಉತ್ತರ ನನ್ನದು, ಅದನ್ನು ಅವರು ತಮ್ಮ ಮೇಲೆ ತೆಗೆದುಕೊಳ್ಳಲಾರರು, ಮಾರ್ಸೆಲಾಗೆ ಪತ್ರ ತೆರೆದಿದ್ದೇನೆ, ಅವತ್ತು ತಪ್ಪು ಹೇಳಿದೆ ತಂಗಿ ಎಂದು ಬರೆದೆ, ನಿನ್ನ ಚೀಟಿಯೇ ಸರಿಯಿತ್ತು ಎಂದು ಬರೆದೆ, ಒಳಗೆ ಯಾರೋ ಹಾಡು ನಿಲ್ಲಿಸಿದರು, ಆ ಮಗು, ಎಂದು ಬರೆದು ಅಳಿಸಿದೆ, ಆ ಮಗುವಿಗೆ ಈಗ ಎಷ್ಟು ವರ್ಷ, ಎಂದು ಬರೆದೆ, ಹೀಗೆ ಕೇಳಬಹುದೇ, ಅಳಿಸಿದೆ, ಆ ಮಗು — ಮುಂದೆ ಏನು ಬರೆಯಲಿ, ಫೋಟೊದಲ್ಲಿ ಕೈಗವಸಿನ ಕೈ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದೇ ಇದೆ, ಅದರ ಹಿಂದೆ ಗೋಡೆಯ ಮೇಲೆ, ಮೂರು ಗಂಟೆ, ಆ ಮಗು — ಮೂರು ಗಂಟೆ.